ಹಡಗಿನಲ್ಲಿ ಕಿಟಕಿ ಇಲ್ಲದ ರೂಮು: ದುಡ್ಡು ಉಳಿಸಲು ತಗೊಳ್ಳಬಹುದಾ?

ಪ್ರಶ್ನೆ: ದಸರಾ ರಜೆಯಲ್ಲಿ ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ಮುಟ್ಟಿ ವಾಪಸ್ ಬರುವ ನಾಲ್ಕು ರಾತ್ರಿಯ ಕ್ರೂಸ್‌ಗೆ ಹೋಗೋಣ ಅಂತಿದ್ದೇವೆ. ನಾನು, ನಮ್ಮ ಯಜಮಾನರು, 10 ವರ್ಷದ ಮಗ, 70 ವರ್ಷದ ಅತ್ತೆ. ನಾಲ್ಕೂ ಜನ ಒಂದೇ ರೂಮಿನಲ್ಲಿ ಇರುವ ಯೋಚನೆ. ಕಿಟಕಿ ಇಲ್ಲದ ಇನ್‌ಸೈಡ್ ಕ್ಯಾಬಿನ್ ಆದರೆ ಮೊದಲ ಇಬ್ಬರಿಗೆ ತಲೆಗೆ 38 ಸಾವಿರ, ಬಾಲ್ಕನಿ ಇರುವುದಾದರೆ ತಲೆಗೆ 58 ಸಾವಿರ. ಮೂರನೆಯವರು, ನಾಲ್ಕನೆಯವರಿಗೆ ಎರಡರಲ್ಲೂ ತಲೆಗೆ 25 ಸಾವಿರ ಅಂತ ಏಜೆಂಟ್ ಹೇಳಿದ್ದಾರೆ. "ರೂಮಲ್ಲಿ ಯಾರು ಇರ್ತಾರೆ, ಬಾಲ್ಕನಿ ಸುಮ್ನೆ ದಂಡ" ಅಂತ ಯಜಮಾನರ ವಾದ. ನನಗೆ ಅತ್ತೆಯದೇ ಚಿಂತೆ. ಮುಚ್ಚಿದ ರೂಮಿನಲ್ಲಿ ಅವರಿಗೆ ಉಸಿರು ಕಟ್ಟಿದ ಹಾಗೆ ಆದರೆ? ಕಿಟಕಿ ಇಲ್ಲದಿದ್ದರೆ ವಾಂತಿ ಜಾಸ್ತಿ ಅಂತಲೂ ಯಾರೋ ಹೆದರಿಸಿದರು. ಏನು ಮಾಡಲಿ?
ಹಾಸನದ ಓದುಗರೊಬ್ಬರು

ಉತ್ತರ: ಇನ್‌ಸೈಡ್ ಕ್ಯಾಬಿನ್ನೇ ತಗೊಳ್ಳಿ. ಆದರೆ ಒಂದು ಬೇಡ, ಎರಡು ತಗೊಳ್ಳಿ.

ನಿಮ್ಮ ಏಜೆಂಟ್ ಕೊಟ್ಟ ದರವನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. ನಾಲ್ಕೂ ಜನ ಒಂದು ಬಾಲ್ಕನಿ ರೂಮಿನಲ್ಲಿದ್ದರೆ 1,66,000 ರೂಪಾಯಿ. ಇಬ್ಬಿಬ್ಬರಂತೆ ಎರಡು ಇನ್‌ಸೈಡ್ ರೂಮು ಹಿಡಿದರೆ 1,52,000. ಅಂದರೆ ಎರಡು ರೂಮು ಒಂದು ಬಾಲ್ಕನಿಗಿಂತ 14 ಸಾವಿರ ಕಡಿಮೆ! ಎಲ್ಲರೂ ಒಂದೇ ಇನ್‌ಸೈಡ್ ರೂಮಿನಲ್ಲಿ ಹೊಂದಿಕೊಂಡರೆ 1,26,000. ಅದಕ್ಕಿಂತ 26 ಸಾವಿರ ಹೆಚ್ಚು ಕೊಟ್ಟರೆ ನಿಮಗೆ ಇನ್ನೊಂದು ಬಾತ್‌ರೂಮು, ನಾಲ್ಕು ಸರಿಯಾದ ಹಾಸಿಗೆ, ಸೂಟ್‌ಕೇಸ್ ಬಿಚ್ಚಿಡಲು ಜಾಗ ಎಲ್ಲ ಸಿಗುತ್ತದೆ. ಬಾಲ್ಕನಿಯೋ ಇನ್‌ಸೈಡೋ ಅಂತ ಮನೆಯಲ್ಲಿ ವಾದ ನಡೆಯುವಾಗ ಈ ಮೂರನೇ ದಾರಿ ಯಾರ ಕಣ್ಣಿಗೂ ಬೀಳುವುದಿಲ್ಲ. ಏಜೆಂಟರೂ ಕೇಳದೆ ಹೇಳುವುದು ಕಡಿಮೆ.

ಎರಡು ರೂಮು ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಿಂಗಪುರದಿಂದ ಹೊರಡುವ ದೊಡ್ಡ ಹಡಗುಗಳಲ್ಲಿ ಇನ್‌ಸೈಡ್ ರೂಮು ಸುಮಾರು 150ರಿಂದ 170 ಚದರಡಿ ಇರುತ್ತದೆ, ಬಾತ್‌ರೂಮೂ ಸೇರಿ. ಇಬ್ಬರಿಗೆ ಧಾರಾಳ. ನಾಲ್ಕು ಜನರ ರೂಮು ಅಂದರೂ ರೂಮು ದೊಡ್ಡದಾಗುವುದಿಲ್ಲ. ಮೂರನೆಯವರ, ನಾಲ್ಕನೆಯವರ ಹಾಸಿಗೆ ಗೋಡೆಯೊಳಗೋ ಚಾವಣಿಯೊಳಗೋ ಮಡಚಿಕೊಂಡಿರುತ್ತದೆ. ಸಂಜೆ ನೀವು ಊಟಕ್ಕೆ ಹೋದಾಗ ರೂಮಿನ ಹುಡುಗ ಬಂದು ಅದನ್ನು ಕೆಳಗಿಳಿಸಿ, ಸಣ್ಣ ಏಣಿ ಸಿಕ್ಕಿಸಿ ಹೋಗುತ್ತಾನೆ. ಅಲ್ಲಿಂದ ಮುಂದೆ ಕೆಳಗಿನ ಮಂಚದ ಮೇಲೆ ನೆಟ್ಟಗೆ ಎದ್ದು ಕೂರುವ ಹಾಗಿಲ್ಲ, ಹಲಗೆ ತಲೆಗೆ ತಾಗುತ್ತದೆ. ಇನ್ನು ಬಾತ್‌ರೂಮಿನ ಬಾಗಿಲಿಗೆ ಕೆಲವು ಇಂಚು ಎತ್ತರದ ಹೊಸ್ತಿಲು ಇರುತ್ತದೆ, ನೀರು ಹೊರಗೆ ಹರಿಯದಿರಲಿ ಅಂತ. ರಾತ್ರಿ ಎರಡು ಗಂಟೆಗೆ ನಿಮ್ಮ ಅತ್ತೆ ಎದ್ದು, ಕಗ್ಗತ್ತಲಲ್ಲಿ ಆ ಏಣಿಯನ್ನು ಬಳಸಿ, ಚಪ್ಪಲಿ ರಾಶಿ ದಾಟಿ, ಆ ಹೊಸ್ತಿಲು ಹತ್ತಿ ಇಳಿಯಬೇಕು. ನನಗೆ ಅವರ ಉಸಿರಿಗಿಂತ ಆ ನಾಲ್ಕು ಹೆಜ್ಜೆಯದೇ ಚಿಂತೆ.

ನಾನು ಹಡಗುಗಳ ರಿಸೆಪ್ಷನ್ ಕೌಂಟರಿನಲ್ಲಿ ವರ್ಷಗಟ್ಟಲೆ ನಿಂತವನು. ರೂಮು ಬದಲಿಸಿಕೊಡಿ ಅಂತ ಬರುತ್ತಿದ್ದವರಲ್ಲಿ ಕಿಟಕಿ ಇಲ್ಲ ಅಂದವರು ಕಡಿಮೆ. ಜಾಗ ಸಾಲದು, ಮೇಲಿಂದ ಸದ್ದು ಬರುತ್ತದೆ, ರೂಮು ಲಿಫ್ಟಿನಿಂದ ದೂರ ಆಯಿತು ಅಂದವರೇ ಜಾಸ್ತಿ. ಹಡಗಿನಲ್ಲಿ ಕೆಲಸ ಮಾಡುವ ನಮ್ಮ ಬಹುಪಾಲು ಜನರ ರೂಮಿಗೂ ಕಿಟಕಿ ಇರುವುದಿಲ್ಲ. ತಿಂಗಳುಗಟ್ಟಲೆ ಅಲ್ಲೇ ಮಲಗಿ ಏಳುತ್ತೇವೆ. ಹಾಗಾಗಿ ಆ ಕತ್ತಲಿನ ಒಳಹೊರಗು ಚೆನ್ನಾಗಿ ಗೊತ್ತು.

ಆ ಕತ್ತಲು ಹೇಗಿರುತ್ತದೆ ಅಂದರೆ, ಲೈಟು ಆರಿಸಿದರೆ ಮುಖದ ಮುಂದೆ ಹಿಡಿದ ಕೈ ಕಾಣುವುದಿಲ್ಲ. ಬಾಗಿಲ ಕೆಳಗೆ ಕಾರಿಡಾರಿನ ಬೆಳಕಿನ ಒಂದು ಎಳೆ, ಅಷ್ಟೇ. ಮಧ್ಯಾಹ್ನವೂ ಹಾಗೇ, ಬೆಳಗಿನ ಜಾವವೂ ಹಾಗೇ. ನಿದ್ದೆಗೆ ಇದು ಬಹಳ ಒಳ್ಳೆಯದು. ಆದರೆ ಹೊತ್ತು ಎಷ್ಟಾಯಿತು ಅಂತ ಮೈಗೆ ತಿಳಿಸುವುದೇ ಬೆಳಕು. ಅದಿಲ್ಲದಿದ್ದರೆ ಒಂಬತ್ತಾದರೂ ಎಚ್ಚರವಾಗುವುದಿಲ್ಲ, ಎದ್ದ ಮೇಲೂ ಮಂಪರು ಬಿಡುವುದಿಲ್ಲ. ಇದಕ್ಕೆ ಹಡಗಿನಲ್ಲಿ ಓಡಾಡಿದವರು ಮಾಡುವ ಉಪಾಯ ಒಂದಿದೆ. ಬಹಳಷ್ಟು ಹಡಗುಗಳ ಟಿವಿಯಲ್ಲಿ, ಮುಂಭಾಗದ ಕ್ಯಾಮೆರಾದಿಂದ ಸಮುದ್ರ ತೋರಿಸುವ ಒಂದು ಚಾನಲ್ ಇರುತ್ತದೆ. ಮಲಗುವಾಗ ಅದನ್ನು ಹಾಕಿ, ಸದ್ದು ಪೂರ್ತಿ ಕಡಿಮೆ ಮಾಡಿಬಿಡಿ. ರಾತ್ರಿಯೆಲ್ಲ ಪರದೆ ಹೆಚ್ಚುಕಡಿಮೆ ಕಪ್ಪಾಗಿಯೇ ಇರುತ್ತದೆ. ಹೊರಗೆ ಬೆಳಗಾದ ಹಾಗೆ ರೂಮಿನಲ್ಲೂ ನಿಧಾನವಾಗಿ ಬೆಳಕು ಬರುತ್ತದೆ. ಜೊತೆಗೆ ಬ್ಯಾಟರಿಯ ಪುಟ್ಟ ನೈಟ್ ಲ್ಯಾಂಪ್ ಒಂದನ್ನು ಒಯ್ದು ಬಾತ್‌ರೂಮಿನ ಹೊಸ್ತಿಲ ಹತ್ತಿರ ಇಡಿ. ಅತ್ತೆಯ ರೂಮಿನಲ್ಲಿ ಇದನ್ನು ಮರೆಯಲೇಬೇಡಿ.

ನಿಮ್ಮ ಹಡಗು ರಾಯಲ್ ಕೆರಿಬಿಯನ್ ಕಂಪನಿಯ ಕ್ವಾಂಟಮ್ ವರ್ಗದ್ದಾದರೆ ಇನ್ನೂ ಒಂದು ಅನುಕೂಲ ಇದೆ. 2015ರ ಆ್ಯಂಥೆಮ್, 2016ರ ಓವೇಶನ್, 2019ರ ಸ್ಪೆಕ್ಟ್ರಮ್ ಇವೆಲ್ಲ ಆ ವರ್ಗದವು, ಸಿಂಗಪುರದಿಂದ ಓಡಿದವು. ಇವುಗಳ ಇನ್‌ಸೈಡ್ ರೂಮುಗಳಲ್ಲಿ ವರ್ಚುವಲ್ ಬಾಲ್ಕನಿ ಅಂತ ಇದೆ. ಗೋಡೆಯ ಮೇಲೆ ನೆಲದಿಂದ ಚಾವಣಿಯವರೆಗೆ 80 ಇಂಚಿನ ಪರದೆ, ಅದರಲ್ಲಿ ಹೊರಗಿನ ಕ್ಯಾಮೆರಾ ಕಂಡದ್ದು ಆ ಕ್ಷಣಕ್ಕೇ ಕಾಣುತ್ತದೆ. ಬೇಡ ಅನ್ನಿಸಿದರೆ ಆರಿಸಬಹುದು. ನಿಜವಾದ ಗಾಳಿ, ಉಪ್ಪಿನ ವಾಸನೆ ಬರುವುದಿಲ್ಲ ನಿಜ. ಆದರೆ ಮುಚ್ಚಿದ ಜಾಗ ಅನ್ನುವ ಭಾವನೆಯನ್ನು ಅದು ಬಹಳ ಮಟ್ಟಿಗೆ ಕಡಿಮೆ ಮಾಡುತ್ತದೆ. ಯಾವ ಹಡಗು ಅಂತ ನೀವು ಬರೆದಿಲ್ಲ. ಏಜೆಂಟರನ್ನು ಮೊದಲು ಕೇಳಬೇಕಾದದ್ದು ಇದನ್ನೇ. ಪರದೆ ಇರುವ ರೂಮು ಇದೆಯಾ, ಅದೇ ದರಕ್ಕಾ ಅಂತ ಕೇಳಿ. ಅದೇ ಕಂಪನಿಯ ಕೆಲವು ಹಳೆಯ ಹಡಗುಗಳಲ್ಲಿ ಒಳಗಿನ ಅಂಗಡಿ ಬೀದಿಯ ಕಡೆ ಕಿಟಕಿ ಇರುವ ರೂಮುಗಳೂ ಇವೆ. 1999ರ ವಾಯೇಜರ್ ಹಡಗಿನಿಂದ ಶುರುವಾದದ್ದು. ಬೀದಿಯಲ್ಲಿ ರಾತ್ರಿ ಹನ್ನೊಂದಕ್ಕೂ ಮೆರವಣಿಗೆ, ಬ್ಯಾಂಡು ನಡೆಯುವುದುಂಟು. ಹಗಲು ಕಿಟಕಿಯ ಬಟ್ಟೆ ಪರದೆ ಸರಿಸಿದರೆ ಓಡಾಡುವವರಿಗೆ ನೀವೂ ಕಾಣುತ್ತೀರಿ. ಅದಕ್ಕೆ ಹೆಚ್ಚು ದುಡ್ಡು ಕೊಡಬೇಡಿ.

ಈಗ ಅತ್ತೆಯ ಉಸಿರಿನ ವಿಷಯ. ಇನ್‌ಸೈಡ್ ರೂಮಿನಲ್ಲಿ ಗಾಳಿ ಕಡಿಮೆ ಇರುತ್ತದೆ ಅನ್ನುವುದು ತಪ್ಪು ಕಲ್ಪನೆ. ಕಿಟಕಿಯ ರೂಮಿನಲ್ಲೂ ಆ ಕಿಟಕಿ ತೆರೆಯಲು ಬರುವುದಿಲ್ಲ, ಅಲ್ಲಿಯೂ ಇಲ್ಲಿಯೂ ಗಾಳಿ ಬರುವುದು ಎಸಿ ಕೊಳವೆಯಿಂದಲೇ. ಬಿಸಿಲೇ ಬೀಳದ ಕಾರಣ ಒಳಗಿನ ರೂಮು ಸಾಮಾನ್ಯವಾಗಿ ತಣ್ಣಗೇ ಇರುತ್ತದೆ. ಅತ್ತೆಗೆ ಶಾಲು, ಕಾಲುಚೀಲ ಇರಲಿ. ಆದರೆ ಮುಚ್ಚಿದ ಜಾಗದ ಭಯ ಅನ್ನುವುದೇ ಬೇರೆ. ಅದು ಎಷ್ಟು ಗಾಳಿ ಇದ್ದರೂ ಹೋಗುವುದಿಲ್ಲ. ಅದನ್ನು ಹಾಸನದಲ್ಲೇ ಪರೀಕ್ಷೆ ಮಾಡಬಹುದು. ಬುಕ್ ಮಾಡುವ ಮೊದಲು ಒಂದು ರಾತ್ರಿ, ಮನೆಯ ಒಳಕೋಣೆಯಲ್ಲಿ ಕಿಟಕಿಗೆ ದಪ್ಪ ಕಂಬಳಿ ಕಟ್ಟಿ, ಬಾಗಿಲು ಹಾಕಿ ಅತ್ತೆಯನ್ನು ಮಲಗಿಸಿ. ಮೊಮ್ಮಗ ಪಕ್ಕದಲ್ಲಿರಲಿ. ಯಾಕೆ ಅಂತ ಅವರಿಗೆ ಹೇಳಿಯೇ ಮಾಡಿ, ಮುಚ್ಚಿಟ್ಟು ಬೇಡ. ಬೆಳಿಗ್ಗೆ "ಚೆನ್ನಾಗಿ ನಿದ್ದೆ ಬಂತು" ಅಂದರೆ ಚಿಂತೆ ಬಿಡಿ. ನಡುರಾತ್ರಿ ಎದ್ದು ಬಾಗಿಲು ತೆಗೆದರೆ, ಅಥವಾ ಅವರು ಲಿಫ್ಟ್‌ಗೇ ಹೆದರುವವರಾಗಿದ್ದರೆ, ಅವರ ರೂಮಿಗೆ ಕಿಟಕಿ ಬೇಕೇ ಬೇಕು. ಆಗ ಒಂದು ಬಾಲ್ಕನಿ, ಅದರ ಎದುರಿಗೇ ಕಾರಿಡಾರಿನ ಆಚೆ ಒಂದು ಇನ್‌ಸೈಡ್ ತಗೊಳ್ಳಿ. ನಿಮ್ಮ ದರದಲ್ಲಿ 1,92,000 ಆಗುತ್ತದೆ. ಬಾಲ್ಕನಿ ಅವರ ರೂಮಿನದ್ದಾದರೂ ಹಗಲು ಎಲ್ಲರೂ ಅಲ್ಲೇ ಕೂರಬಹುದು. ದುಬಾರಿಯೇ. ಆದರೆ ಭಯ ಇರುವವರನ್ನು ನಾಲ್ಕು ರಾತ್ರಿ ಒತ್ತಾಯದಿಂದ ಮಲಗಿಸುವುದು ಸರಿಯಲ್ಲ. ಬಾಲ್ಕನಿ ಬದಲು ಬರೀ ಗಾಜಿನ ಕಿಟಕಿ ಇರುವ ಓಷನ್ ವ್ಯೂ ರೂಮು ಇದ್ದರೆ ಅದರ ದರವನ್ನೂ ಕೇಳಿ ನೋಡಿ, ನಡುವೆ ಎಲ್ಲೋ ಬರುತ್ತದೆ.

ಯಜಮಾನರು ಹೇಳಿದ "ರೂಮಲ್ಲಿ ಯಾರು ಇರ್ತಾರೆ" ಅನ್ನುವ ಮಾತು ಅವರ ಮಟ್ಟಿಗೆ ನಿಜ, ನಿಮ್ಮ ಮಗನ ಮಟ್ಟಿಗಂತೂ ಪೂರ್ತಿ ನಿಜ. ಈಜುಕೊಳ, ಆಟ, ಐಸ್‌ಕ್ರೀಮ್ ಬಿಟ್ಟು ಅವನು ರೂಮಿಗೆ ಬರುವುದೇ ಇಲ್ಲ. ಅತ್ತೆ ಇರುತ್ತಾರೆ. ಊಟ ಆದ ಮೇಲೆ ಮಲಗುತ್ತಾರೆ, ಅಲ್ವಾ? ಪೆನಾಂಗ್‌ನಲ್ಲಿ ತೊಂದರೆ ಇಲ್ಲ, ಹಡಗು ಜಾರ್ಜ್‌ಟೌನ್ ಊರಿನ ಪಕ್ಕದಲ್ಲೇ ನಿಲ್ಲುತ್ತದೆ, ಇಳಿದು ನಾಲ್ಕು ಹೆಜ್ಜೆ ನಡೆದರೆ ಊರು. ಫುಕೆಟ್‌ನಲ್ಲಿ ದೊಡ್ಡ ಹಡಗುಗಳು ಪಟಾಂಗ್ ಬೀಚಿನ ಎದುರು ಸಮುದ್ರದಲ್ಲೇ ನಿಂತು, ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಬಿಡುವುದೇ ರೂಢಿ. ಅಲುಗಾಡುವ ದೋಣಿಗೆ ಇಳಿಯಲು ಅತ್ತೆ ಒಪ್ಪದೆ ಇರಬಹುದು. ಆ ದಿನ ಅವರು ಹಡಗಿನಲ್ಲೇ ಉಳಿದರೆ ಕಿಟಕಿ ಇಲ್ಲದ ರೂಮಿನಲ್ಲಿ ಒಬ್ಬರೇ ಕೂರುವ ಹಾಗೆ ಮಾಡಬೇಡಿ. ಬಫೆ ಹಾಲಿನ ಅಂಚಿನಲ್ಲಿ ಗಾಜಿನ ಪಕ್ಕದ ಮೇಜುಗಳಿರುತ್ತವೆ. ಜನ ಇಳಿದು ಹೋದ ಮೇಲೆ ಅವು ಖಾಲಿ, ಚಹಾ ಅಲ್ಲೇ ಸಿಗುತ್ತದೆ, ಸಮುದ್ರ ಎದುರಿಗೇ ಇರುತ್ತದೆ. ಮೊದಲ ದಿನವೇ ಅಂಥ ಒಂದು ಜಾಗ ಹುಡುಕಿ, ಲಿಫ್ಟಿನಿಂದ ಅಲ್ಲಿಗೆ ಹೋಗುವ ದಾರಿಯನ್ನು ಎರಡು ಸಲ ಅವರೊಂದಿಗೆ ನಡೆದು ತೋರಿಸಿ.

ವಾಂತಿ ವಿಷಯದಲ್ಲಿ ನಿಮಗೆ ಹೇಳಿದವರು ಅರ್ಧ ಸತ್ಯ ಹೇಳಿದ್ದಾರೆ. ಒಳಕಿವಿಗೆ ಅಲುಗಾಟ ತಿಳಿಯುತ್ತದೆ, ಕಣ್ಣಿಗೆ ಮಾತ್ರ ನಿಂತ ಗೋಡೆ ಕಾಣುತ್ತದೆ. ಈ ಎರಡು ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ದೂರದ ದಿಗಂತ ನೋಡಿದರೆ ಸಮಾಧಾನ. ಒಳಗಿನ ರೂಮಿನಲ್ಲಿ ಅದು ಕಾಣುವುದಿಲ್ಲ, ಅಲ್ಲಿಯವರೆಗೆ ಅವರ ಮಾತು ಸರಿ. ಉಳಿದರ್ಧ ಏನೆಂದರೆ, ಅಲುಗಾಟ ಎಲ್ಲಿ ಕಡಿಮೆ ಅನ್ನುವುದು ಕಿಟಕಿಗಿಂತ ಮುಖ್ಯ. ಪಾರ್ಕಿನಲ್ಲಿ ಮಕ್ಕಳು ಏರಿಳಿಯುವ ಹಲಗೆ ನೋಡಿದ್ದೀರಲ್ಲ, ತುದಿಯಲ್ಲಿ ಕೂತವರು ಮೇಲೆ ಕೆಳಗೆ ಹೋಗುತ್ತಾರೆ, ನಡುವೆ ನಿಂತವರು ಅಲ್ಲಾಡುವುದೇ ಇಲ್ಲ. ಹಡಗೂ ಹಾಗೆ. ಉದ್ದದಲ್ಲಿ ಮಧ್ಯ, ಎತ್ತರದಲ್ಲಿ ಕೆಳಗಿನ ಡೆಕ್‌ಗಳು (ಅಂದರೆ ಮಹಡಿಗಳು), ಅಗಲದಲ್ಲಿ ನಡುಭಾಗ, ಅಲ್ಲಿ ಅಲುಗಾಟ ಕನಿಷ್ಠ. ಇನ್‌ಸೈಡ್ ರೂಮುಗಳಿರುವುದೇ ಅಗಲದ ನಡುಭಾಗದಲ್ಲಿ. ಮೇಲಿನ ಡೆಕ್‌ನ ತುದಿಯ ಬಾಲ್ಕನಿಗಿಂತ ಕೆಳಗಿನ ಡೆಕ್‌ನ ಮಧ್ಯದ ಇನ್‌ಸೈಡ್ ರೂಮು ಎಷ್ಟೋ ಮೇಲು. ನೀವು ಹೋಗುವ ಮಲಾಕಾ ಜಲಸಂಧಿ ಎರಡು ಕಡೆಯೂ ನೆಲ ಇರುವ ಶಾಂತ ನೀರು. ಆದರೂ ತೊಳಸಿದರೆ ರೂಮಿನಲ್ಲಿ ಬಿದ್ದುಕೊಳ್ಳದೆ ತೆರೆದ ಡೆಕ್‌ಗೆ ಹೋಗಿ ದೂರ ನೋಡಿ. ಎವೋಮಿನ್ ಥರದ ಮಾತ್ರೆ ತೊಳಸಲು ಶುರುವಾಗುವ ಮೊದಲೇ ತಗೊಂಡರೆ ಕೆಲಸ ಮಾಡುತ್ತದೆ. ಅದು ನಿದ್ದೆ ತರಿಸುತ್ತದೆ, ಹಾಗಾಗಿ ಅತ್ತೆಗೆ ಬಿಪಿ, ಶುಗರ್ ಮಾತ್ರೆ ಇದ್ದರೆ ನಿಮ್ಮ ಡಾಕ್ಟರನ್ನು ಕೇಳದೆ ಕೊಡಬೇಡಿ.

ರೂಮು ಆರಿಸುವುದೇ ಇದರಲ್ಲಿ ದೊಡ್ಡ ಕೆಲಸ. ಎರಡು ಇನ್‌ಸೈಡ್ ರೂಮು ಒಂದೇ ದರದ್ದಾದರೂ ನೆಮ್ಮದಿಯಲ್ಲಿ ಅಜಗಜಾಂತರ ಇರಬಹುದು. ಕಂಪನಿಯ ವೆಬ್‌ಸೈಟಿನಲ್ಲಿ ಡೆಕ್ ಪ್ಲಾನ್, ಅಂದರೆ ಪ್ರತಿ ಮಹಡಿಯ ನಕ್ಷೆ ಸಿಗುತ್ತದೆ. ನಿಮ್ಮ ರೂಮಿನ ಡೆಕ್ ಜೊತೆಗೆ ಅದರ ಮೇಲಿನದ್ದು, ಕೆಳಗಿನದ್ದು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೇಲೂ ರೂಮು, ಕೆಳಗೂ ರೂಮು ಇದ್ದರೆ ಕಣ್ಣುಮುಚ್ಚಿ ತಗೊಳ್ಳಿ. ಮೇಲೆ ಈಜುಕೊಳದ ಡೆಕ್ ಇದ್ದರೆ ಬೇಡ, ಬೆಳಗಿನ ಜಾವ ಕುರ್ಚಿ ಎಳೆದು ಜೋಡಿಸುವ ಕಿರ್‌ಕಿರ್ ಸದ್ದು ನೇರ ತಲೆಯ ಮೇಲೆ. ಕೆಳಗೆ ಥಿಯೇಟರೋ ಡಿಸ್ಕೋನೋ ಇದ್ದರೆ ಡ್ರಮ್ಮಿನ ಗುದ್ದು ನಡುರಾತ್ರಿ ದಾಟಿದರೂ ನಿಲ್ಲುವುದಿಲ್ಲ. ಹಡಗಿನ ತೀರ ಮುಂದೆ ಕೆಳಗಿನ ಡೆಕ್‌ಗಳಲ್ಲಿ, ಬಂದರಿಗೆ ಬರುವಾಗ ಹಡಗನ್ನು ಪಕ್ಕಕ್ಕೆ ಸರಿಸುವ ಥ್ರಸ್ಟರ್ ಯಂತ್ರ, ಲಂಗರಿನ ಸರಪಳಿ ಇವುಗಳ ಸದ್ದು. ತೀರ ಹಿಂದೆ ನಡುಕ. ಪ್ಲಾನ್‌ನಲ್ಲಿ ಏನೂ ಬರೆಯದ ಖಾಲಿ ಬಿಳಿ ಜಾಗ ಇದ್ದರೆ ಅಲ್ಲಿ ಅಡುಗೆಮನೆಯೋ ಸಾಮಾನಿನ ಕೋಣೆಯೋ ಇರುತ್ತದೆ ಅಂತ ತಿಳಿಯಿರಿ. ರಾತ್ರಿಯಿಡೀ ಗಾಡಿ ಉರುಳುವ ಜಾಗ ಅದು. ಲಿಫ್ಟ್ ಹತ್ತಿರ ಬೇಕು, ಎದುರಿಗೇ ಬೇಡ. ಆರೇಳು ಬಾಗಿಲು ಆಚೆ ಇದ್ದರೆ ಅತ್ತೆಗೂ ಹತ್ತಿರ, ಮಾತಿನ ಗಲಾಟೆಯೂ ಇಲ್ಲ.

ನಿಮ್ಮದು ಎರಡು ರೂಮಾದ್ದರಿಂದ ನಡುವೆ ಬಾಗಿಲು ಇರುವ ಜೋಡಿ ರೂಮು ಕೇಳಿ. ಅಪರಿಚಿತರು ಪಕ್ಕದಲ್ಲಿದ್ದರೆ ಆ ಬಾಗಿಲಿನ ಸಂದಿಯಿಂದ ಅವರ ಟಿವಿ, ಜಗಳ ಎಲ್ಲ ಕೇಳುತ್ತದೆ. ನಿಮ್ಮವರೇ ಇದ್ದರೆ ಅದಕ್ಕಿಂತ ಅನುಕೂಲ ಇನ್ನೊಂದಿಲ್ಲ. ಅತ್ತೆಯೂ ಮಗನೂ ಒಂದರಲ್ಲಿ, ನೀವಿಬ್ಬರು ಇನ್ನೊಂದರಲ್ಲಿ.

ಏಜೆಂಟ್ "ಇನ್ನೂ ಕಡಿಮೆಗೆ ಗ್ಯಾರಂಟಿ ರೇಟ್ ಇದೆ" ಅನ್ನಬಹುದು. ಅದರಲ್ಲಿ ಇನ್‌ಸೈಡ್ ರೂಮು ಸಿಗುವುದಷ್ಟೇ ಖಚಿತ. ಯಾವ ರೂಮು ಅಂತ ಕಂಪನಿ ಆಮೇಲೆ ಹೇಳುತ್ತದೆ. ಒಬ್ಬಂಟಿ ಹುಡುಗರಿಗೆ ಅದು ಲಾಭ. ನಿಮಗೆ ಬೇಡವೇ ಬೇಡ. ಒಂದು ರೂಮು ಮುಂದೆ, ಒಂದು ಹಿಂದೆ ಸಿಕ್ಕರೆ ಇಡೀ ಉಪಾಯವೇ ಹಾಳು. ಹರಾಜಿನ ಹಾಗೆ ಬೆಲೆ ಕೂಗಿ ದೊಡ್ಡ ರೂಮಿಗೆ ಹೋಗುವ ಅಪ್‌ಗ್ರೇಡ್ ಈಮೇಲ್ ಬಂದರೂ ಮುಟ್ಟಬೇಡಿ. ಒಂದು ರೂಮಿಗೆ ಸಿಕ್ಕಿ ಇನ್ನೊಂದಕ್ಕೆ ಸಿಗದೆ ಹೋದೀತು.

ರೂಮಿನಲ್ಲಿ ಉಳಿಸಿದ್ದು ಉಳಿತಾಯವಾಗಿ ಉಳಿಯಬೇಕಾದರೆ, ರೂಮು ಯಾವುದಾದರೂ ಬದಲಾಗದ ಖರ್ಚುಗಳು ನೆನಪಿರಲಿ. ಬಂದರು ಶುಲ್ಕ, ತೆರಿಗೆ ತಲೆಗೆ ಇಷ್ಟು ಅಂತ ಇರುತ್ತದೆ. ಟಿಪ್ಸ್ ಕೂಡ ದಿನಕ್ಕೆ ತಲೆಗೆ 16ರಿಂದ 20 ಡಾಲರ್ ಅಂತ ಬಿಲ್ಲಿಗೆ ತಾನಾಗಿ ಸೇರುತ್ತದೆ, ಸಾಮಾನ್ಯವಾಗಿ ಮಕ್ಕಳಿಗೂ. ನಾಲ್ಕು ಜನ, ನಾಲ್ಕು ರಾತ್ರಿ ಅಂದರೆ 25 ಸಾವಿರದ ಆಸುಪಾಸು. ಏಜೆಂಟ್ ಹೇಳಿದ ದರದಲ್ಲಿ ಇವು ಸೇರಿವೆಯಾ ಅಂತ ಬರೆಸಿಕೊಳ್ಳಿ. ಹಡಗು ಸಿಂಗಪುರ ಬಿಟ್ಟು ಮತ್ತೆ ಸಿಂಗಪುರಕ್ಕೆ ಬರುವುದರಿಂದ ಒಂದೇ ಸಲ ಒಳಗೆ ಬಿಡುವ ವೀಸಾ ಸಾಲದು, ಅದನ್ನೂ ನೋಡಿಕೊಳ್ಳಿ.

ಅವಘಡ ಆದರೆ ಒಳಗಿನ ರೂಮಿನವರ ಗತಿ ಏನು ಅಂತ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಬಂದೇ ಇರುತ್ತದೆ. 2012ರಲ್ಲಿ ಇಟಲಿಯಲ್ಲಿ ಕೋಸ್ಟಾ ಕಾನ್ಕಾರ್ಡಿಯಾ ಬಂಡೆಗೆ ಬಡಿದು ಮಗುಚಿದ ಮೇಲೆ ನಿಯಮ ಬಿಗಿಯಾಯಿತು. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಎಲ್ಲ ಪ್ರಯಾಣಿಕರಿಗೆ ಸುರಕ್ಷತಾ ಡ್ರಿಲ್ ಆಗಲೇಬೇಕು. ಎಲ್ಲಿ ಸೇರಬೇಕು ಅನ್ನುವುದು ನಿಮ್ಮ ರೂಮಿನ ಕೀ ಕಾರ್ಡಿನ ಮೇಲೆ ಇರುತ್ತದೆ, ಕರೆಂಟು ಹೋದರೂ ಕಾರಿಡಾರಿನ ನೆಲದ ಹತ್ತಿರ ದಾರಿ ತೋರಿಸುವ ಗುರುತು ಹೊಳೆಯುತ್ತದೆ. ಬಾಲ್ಕನಿಯವರೂ ಅದೇ ಕಾರಿಡಾರಿನಿಂದಲೇ ಬರಬೇಕು. ಕಷ್ಟ ಆಗುವುದು ಕರೆಂಟು ಹೋಗಿ ದಿನಗಟ್ಟಲೆ ಬರದಿದ್ದರೆ. 2013ರ ಫೆಬ್ರವರಿಯಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಕಾರ್ನಿವಲ್ ಟ್ರಯಂಫ್ ಹಡಗಿನ ಎಂಜಿನ್ ಕೋಣೆಗೆ ಬೆಂಕಿ ಬಿದ್ದು ಹಾಗಾಯಿತು. ಜನ ಹಾಸಿಗೆ ಎಳೆದುಕೊಂಡು ಹೋಗಿ ಡೆಕ್ ಮೇಲೆ ಮಲಗಿದರು. 2020ರಲ್ಲಿ ಕೊರೋನಾದಿಂದಾಗಿ ಯೊಕೊಹಾಮಾದಲ್ಲಿ 3,711 ಜನರಿದ್ದ ಡೈಮಂಡ್ ಪ್ರಿನ್ಸೆಸ್ ಹಡಗನ್ನು ನಿಲ್ಲಿಸಿದಾಗಲೂ ಕಿಟಕಿ ಇಲ್ಲದವರಿಗೇ ಜಾಸ್ತಿ ಕಷ್ಟವಾಯಿತು. ಗಾಳಿಗಾಗಿ ಅವರನ್ನು ಸರದಿಯಲ್ಲಿ ಡೆಕ್‌ಗೆ ಬಿಡಬೇಕಾಯಿತು. ಇಂಥವು ಅಪರೂಪ. ನಾಲ್ಕು ರಾತ್ರಿಯ ಪ್ರವಾಸಕ್ಕೆ ಇದನ್ನು ನೆನೆದು ಬಾಲ್ಕನಿ ತಗೊಳ್ಳಿ ಅಂತ ನಾನು ಹೇಳುವುದಿಲ್ಲ. ಒಂದು ಸಣ್ಣ ಟಾರ್ಚ್ ಇಟ್ಟುಕೊಳ್ಳಿ, ಡ್ರಿಲ್‌ಗೆ ಅತ್ತೆಯನ್ನೂ ಕರೆದುಕೊಂಡು ಹೋಗಿ.

ಮುಂಬೈಯಿಂದ ಗೋವಾ, ಲಕ್ಷದ್ವೀಪಕ್ಕೆ ಹೋಗುವ ಕಾರ್ಡೆಲಿಯಾ ಎಂಪ್ರೆಸ್ ಬಗ್ಗೆಯೂ ಬಹಳ ಜನ ಹೀಗೇ ಕೇಳುತ್ತಾರೆ. ಅದು 1990ರಲ್ಲಿ ಕಟ್ಟಿದ ಹಡಗು, ಬಾಲ್ಕನಿಗಳು ಕಡಿಮೆ ಇದ್ದ ಕಾಲದ್ದು. ಇನ್‌ಸೈಡ್ ರೂಮುಗಳು ನಾನು ಮೇಲೆ ಹೇಳಿದ ಅಳತೆಗಿಂತ ಚಿಕ್ಕವು. ಅಲ್ಲಿ ಒಂದು ರೂಮಿಗೆ ಇಬ್ಬರಿಗಿಂತ ಹೆಚ್ಚು ಬೇಡ. ಅಲಾಸ್ಕಾ, ನಾರ್ವೆ ಕಡೆ ವಾರಗಟ್ಟಲೆ ಹೋಗುವವರಾದರೆ, ಕೈಯಲ್ಲಿ ದುಡ್ಡಿದ್ದರೆ ಬಾಲ್ಕನಿ ತಗೊಳ್ಳಲಿ. ಅಲ್ಲಿ ಹೊರಗೆ ಕಾಣುವುದನ್ನು ನೋಡಲೆಂದೇ ಹೋಗುವುದು, ಚಳಿಯಲ್ಲಿ ಡೆಕ್ ಮೇಲೆ ಹೆಚ್ಚು ಹೊತ್ತು ನಿಲ್ಲಲಾಗದು.

ಗಂಟು ಕಟ್ಟುವಾಗ ಗಮನಿಸಿ. ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿಪೆಟ್ಟಿಗೆ, ಪುಟ್ಟ ರೈಸ್ ಕುಕ್ಕರ್ ಬಹುತೇಕ ಹಡಗುಗಳಲ್ಲಿ ನಿಷೇಧ. ಸ್ಕ್ಯಾನ್‌ನಲ್ಲಿ ಸಿಕ್ಕರೆ ಎತ್ತಿಟ್ಟುಕೊಂಡು, ಇಳಿಯುವಾಗ ಕೊಡುತ್ತಾರೆ. ಎಕ್ಸ್‌ಟೆನ್ಷನ್ ಬೋರ್ಡನ್ನೂ ಈಗ ಹಲವು ಕಡೆ ಬಿಡುವುದಿಲ್ಲ, ಹೆಚ್ಚು ಯುಎಸ್‌ಬಿ ಕಿಂಡಿ ಇರುವ ಚಾರ್ಜರ್ ಸಾಕು. ಬಾಲ್ಕನಿ ಇಲ್ಲದೆ ಒದ್ದೆ ಬಟ್ಟೆ ಎಲ್ಲಿ ಹಾಕುವುದು ಅಂತ ಯೋಚನೆ ಇದ್ದರೆ, ಬಾತ್‌ರೂಮಿನಲ್ಲಿ ಎಳೆದು ಕಟ್ಟುವ ಹಗ್ಗ ಇರುತ್ತದೆ. ರೂಮಿನ ಗೋಡೆಗಳು ಸಾಮಾನ್ಯವಾಗಿ ಉಕ್ಕಿನವು, ಅಯಸ್ಕಾಂತದ ಕೊಕ್ಕೆ ನಾಲ್ಕು ಒಯ್ದರೆ ಟೋಪಿ, ಬ್ಯಾಗು, ಅತ್ತೆಯ ಜಪಮಾಲೆ ಎಲ್ಲ ನೇತುಹಾಕಬಹುದು. ಕಮೋಡಿನ ಪಕ್ಕ ನೀರಿನ ಪೈಪ್ ಇರುವುದಿಲ್ಲ, ಒಂದು ಪ್ಲಾಸ್ಟಿಕ್ ಚೊಂಬು ಇರಲಿ.

ಏಜೆಂಟರಿಗೆ ಇಷ್ಟು ಬರೆದು ಕಳಿಸಿ: ಎರಡು ಇನ್‌ಸೈಡ್ ರೂಮು, ನಡುವೆ ಬಾಗಿಲು ಇರುವುದು, ಅದಿಲ್ಲದಿದ್ದರೆ ಎದುರುಬದುರು, ಹಡಗಿನ ಮಧ್ಯಭಾಗ, ಮೇಲೂ ಕೆಳಗೂ ರೂಮುಗಳೇ ಇರುವ ಡೆಕ್, ಗ್ಯಾರಂಟಿ ರೇಟ್ ಬೇಡ, ರೂಮಿನ ನಂಬರು ಈಗಲೇ ಬೇಕು. ನಂಬರು ಬಂದ ಮೇಲೆ ಡೆಕ್ ಪ್ಲಾನ್ ತೆಗೆದು ನೋಡಿ. ಇಷ್ಟವಾಗದಿದ್ದರೆ ಪೂರ್ತಿ ಹಣ ಕಟ್ಟುವ ಮೊದಲೇ ಬದಲಿಸಲು ಹೇಳಿ. ಅದೇ ದರದ ಬೇರೆ ರೂಮು ಖಾಲಿ ಇದ್ದರೆ ಸಾಮಾನ್ಯವಾಗಿ ಕೊಡುತ್ತಾರೆ.